ಸೇತುವೆ ಇಲ್ಲದ ಊರು ಹುಡುಕಿದ ಅಕ್ಕ

ಅಕ್ಕ ತೀರಿಕೊಂಡು ಮೂರು ತಿಂಗಳಾಯಿತು. ಅವರ ನೆನಪಿಗೆ ಕಣ್ಣು ಒದ್ದೆಯಾಗುವ ಹೊತ್ತಿಗೆ ಸರಿಯಾಗಿ ಅವರದೇ ಯಾವುದಾದರೊಂದು ಮಾತು ನೆನಪಾಗಿ ನಗು ಬಂದುಬಿಡುತ್ತದೆ. ಕೆ.ಆರ್. ನಗರದ ನನ್ನ ಈಗಿನ ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಒಬ್ಬನೇ ಕೂತು ನಗುವುದನ್ನು ಕಂಡು ಸಹೋದ್ಯೋಗಿಗಳು ಎರಡು ಸಲ ಕಾರಣ ಕೇಳಿದರು. ತೀರಿಕೊಂಡವರನ್ನು ನೆನೆದು ನಗುತ್ತಿದ್ದೇನೆ ಎಂದು ಹೇಳುವುದು ಹೇಗೆ? ಅದಕ್ಕೇ ಬರೆಯಲು ಕೂತೆ.

ಗಾವಡಗೆರೆಯಿಂದ ಒಳಕ್ಕಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಏಳು ವರ್ಷ ಗಣಿತದ ಮೇಷ್ಟ್ರಾಗಿದ್ದೆ. ಹೊಸದಾಗಿ ಬಂದವನ ಕೊರಳಿಗೆ ಕಟ್ಟುವ ಕೆಲಸವೊಂದು ಎಲ್ಲ ಶಾಲೆಯಲ್ಲೂ ಇರುತ್ತದೆ. ನಮ್ಮಲ್ಲಿ ಅದು ಬಿಸಿಯೂಟದ ಉಸ್ತುವಾರಿ. ಅಕ್ಕ ಆ ಶಾಲೆಯ ಅಡುಗೆಯವರು. ಎಪ್ಪತ್ತು ಮಕ್ಕಳಿಗೆ ಅವರು ಅಜ್ಜಿ, ನಮಗೆಲ್ಲ ಅಕ್ಕ. ಉಸ್ತುವಾರಿ ನನ್ನದು ಎಂದು ಕಾಗದದಲ್ಲಿ ಬರೆದಿತ್ತು. ಆದರೆ ಆ ಕಾಗದ ಅಡುಗೆಮನೆಯ ಹೊಸಿಲಾಚೆ ನಡೆಯುತ್ತಿರಲಿಲ್ಲ. ಮೊದಲ ದಿನ ನಾನು ಸಾರಿನ ರುಚಿ ನೋಡಿ, "ಸ್ವಲ್ಪ ಹುಳಿ ಜಾಸ್ತಿಯಾಯ್ತಾ?" ಎಂದಿದ್ದಕ್ಕೆ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮದ್ವೆ ಆಗಿಲ್ವಾ ಮೇಷ್ಟ್ರೇ?" ಎಂದಿದ್ದರು. ಹುಳಿಗೂ ನನ್ನ ಮದುವೆಗೂ ಏನು ಸಂಬಂಧವೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಅಂದಿನಿಂದ ನಾನು ರುಚಿ ನೋಡಿ ಸುಮ್ಮನೆ ಸಹಿ ಹಾಕುತ್ತಿದ್ದೆ.

ಅವರು ಕುಳ್ಳಗೆ, ದಪ್ಪಗೆ ಇದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಳದುದ್ದದ ಸೌಟು ಹಿಡಿದು ನಿಂತರೆ ಹೆಡ್‌ಮಾಸ್ಟರೂ ದನಿ ತಗ್ಗಿಸುತ್ತಿದ್ದರು. ಬೆಳಿಗ್ಗೆ ಮಕ್ಕಳು ಪ್ರಾರ್ಥನೆಗೆ ನಿಂತಾಗ ಅಕ್ಕ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಒಂದು ದಿನ ನನ್ನನ್ನು ಕರೆದು, "ಎಲ್ಡನೇ ಸಾಲಲ್ಲಿ ಕೆಂಪು ರಿಬ್ಬನ್ ಕಟ್ಟಿರೋ ಮಗ ಐತಲ್ಲ, ಅದು ಏನೂ ತಿಂದಿಲ್ಲ ಕಣ್ರೀ" ಎಂದರು. ನಿಮಗೆ ಹೇಗೆ ಗೊತ್ತು ಎಂದೆ. "ರಾಗ ಎಳೀತಿಲ್ಲ ನೋಡಿ. ಬಾಯಿ ಮಾತ್ರ ಆಡಿಸ್ತೈತೆ." ಹೋಗಿ ಕೇಳಿದರೆ ನಿಜವೇ. ಆಮೇಲೆ ಆ ಹುಡುಗಿಗೆ ಹನ್ನೊಂದು ಗಂಟೆಗೇ ಒಂದು ತಟ್ಟೆ ಬರುತ್ತಿತ್ತು. ಅದನ್ನು ಯಾವ ಪುಸ್ತಕದಲ್ಲೂ ಬರೆಯುವಂತಿರಲಿಲ್ಲ.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪೆನ್ನು ತೆಗೆದು, "ಉಪ್ಪು ಎಷ್ಟು ಗ್ರಾಂ ಹಾಕ್ತೀರಿ?" ಎಂದು ಕೇಳಿದರು. "ಗ್ರಾಮೆಲ್ಲ ಗೊತ್ತಿಲ್ಲ ಸ್ವಾಮಿ. ಮಕ್ಕಳ ಮುಖ ನೋಡ್ಕಂಡು ಆಕ್ತೀನಿ" ಎಂದರು ಅಕ್ಕ. ಆಮೇಲೆ ಅಧಿಕಾರಿಗಳ ಮುಖವನ್ನೂ ಹಾಗೇ ನೋಡಿ, "ನೀವು ಹಸಿದಿದ್ದೀರಿ. ಬನ್ನಿ, ಸಾಲಲ್ಲಿ ಕೂತ್ಕಳಿ" ಎಂದರು. ಅವರು ಮೂರನೇ ಕ್ಲಾಸಿನ ಮಕ್ಕಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಎರಡು ಸಲ ಸಾರು ಹಾಕಿಸಿಕೊಂಡರು. ವರದಿಯಲ್ಲಿ ಏನು ಬರೆದರೋ, ಮತ್ತೆ ಯಾರೂ ಗ್ರಾಂ ಕೇಳಲು ಬರಲಿಲ್ಲ.

ಇಂಥ ಅಕ್ಕ ಒಂದು ಮಧ್ಯಾಹ್ನ ಪಾತ್ರೆ ತೊಳೆದು, ಕೈ ಒರೆಸಿಕೊಳ್ಳುತ್ತಾ ನನ್ನ ಕ್ಲಾಸಿನ ಬಾಗಿಲಿಗೆ ಬಂದು ಕೇಳಿದರು: "ಮೇಷ್ಟ್ರೇ, ಬಸ್ಸು ಓಗದಿರೋ ಊರು ಯಾವ್ದಾದ್ರೂ ಐತಾ?"

ಕಾರಣ ಹೇಳಲು ಅವರಿಗೆ ಎರಡು ದಿನ ಬೇಕಾಯಿತು. ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಹುಣಸೂರಿನಲ್ಲಿ ಗೂಡ್ಸ್ ಆಟೋ ಇಟ್ಟುಕೊಂಡಿದ್ದ. ಚಿಕ್ಕವನು ಎಚ್.ಡಿ. ಕೋಟೆಯ ಕಡೆ, ಬೀಚನಹಳ್ಳಿಯ ಹತ್ತಿರ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದ. ಚಿಕ್ಕವನ ಮದುವೆಯ ಲಗ್ನಪತ್ರಿಕೆಯಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ, ದೊಡ್ಡವನ ಹೆಸರು ಇರಲಿಲ್ಲ. ಸೋದರಮಾವಂದಿರು, ದಾಯಾದಿಗಳು, ಊರಿನ ಯಜಮಾನರು ಎಲ್ಲರೂ ಇದ್ದರು, ಹುಡುಗನ ಸ್ವಂತ ಅಣ್ಣನೇ ಇಲ್ಲ. ದೊಡ್ಡವನು ಇದು ತಮ್ಮನ ಕೆಲಸವೇ ಎಂದು ತೀರ್ಮಾನಿಸಿದ. ಮದುವೆಯ ದಿನ ಛತ್ರದ ಬಾಗಿಲಿನವರೆಗೆ ಬಂದು, ಉಡುಗೊರೆಯ ಫ್ಯಾನನ್ನು ಅಲ್ಲೇ ಇಳಿಸಿ, ಆಟೋ ಸ್ಟಾರ್ಟ್ ಮಾಡಿಕೊಂಡು ಹೋದ. ಅದು ಮೊದಲ ಸಲ. ಆಮೇಲೆ ಹಬ್ಬವಿರಲಿ, ನಾಮಕರಣವಿರಲಿ, ಇಬ್ಬರೂ ಒಂದೆಡೆ ಸೇರಿದ ಹತ್ತು ನಿಮಿಷಕ್ಕೆ ಒಂದು ಮಾತು ಬರುತ್ತಿತ್ತು, ಎಲೆ ಹಾಕುವ ಹೊತ್ತಿಗೆ ಹೊರಗೆ ಆಟೋದ ಸದ್ದು ಕೇಳುತ್ತಿತ್ತು.

"ಆರು ವರ್ಷ ಆಯ್ತು ಮೇಷ್ಟ್ರೇ" ಎಂದರು ಅಕ್ಕ. "ಊರ ಮಕ್ಕಳನ್ನೆಲ್ಲ ದಿನಾಲೂ ಸಾಲಾಗಿ ಕೂರಿಸಿ ಬಡಿಸ್ತೀನಿ. ನನ್ ಹೊಟ್ಟೇಲಿ ಹುಟ್ಟಿದ ಎಲ್ಡನ್ನ ಒಂದು ಸಾಲಲ್ಲಿ ಕೂರಿಸಾಕೆ ಆಗಿಲ್ಲ. ಜಗಳ ಆಡ್ಲಿ, ಬೇಡ ಅನ್ನಾಕಿಲ್ಲ. ಆದ್ರೆ ಎದ್ದು ಓಗಾಕೆ ದಾರಿ ಇರಬಾರ್ದು. ಅಂಥ ಜಾಗ ಬೇಕು."

ನಾನು ಉತ್ಸಾಹದಿಂದ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಹೆಸರು ಹೇಳಿದೆ. "ಅದರ ಮುಂದೆನೇ ಆಟೋ ಸ್ಟ್ಯಾಂಡು" ಎಂದರು. ಚಿಕ್ಕವನ ರೆಸಾರ್ಟಿನ ಕಡೆಯೇ ಯಾಕಾಗಬಾರದು, ಕಬಿನಿ ಹಿನ್ನೀರು ಸುತ್ತ ಇದೆಯಲ್ಲ ಎಂದೆ. "ನೋಡಿದ್ದೀನಿ ಬುಡಿ. ಮೂರು ಕಡೆ ನೀರು, ಒಂದು ಕಡೆ ರೋಡು. ನನ್ ದೊಡ್ಡೋನಿಗೆ ಆ ಒಂದು ಕಡೆ ಸಾಕು." ಅಲ್ಲದೆ ಅಲ್ಲಿ ಒಂದು ರಾತ್ರಿಯ ಬಾಡಿಗೆಗೆ ಅಕ್ಕನ ಹಲವು ತಿಂಗಳ ಗೌರವಧನ ಸಾಲುತ್ತಿರಲಿಲ್ಲ.

"ನಾಲ್ಕೂ ಕಡೆ ನೀರಿರಬೇಕು ಅಂದ್ರೆ ಅದು ದ್ವೀಪ ಅಕ್ಕ" ಎಂದೆ.

"ಅದೇ ಇರ್ಲಿ" ಎಂದರು, ತರಕಾರಿ ಅಂಗಡಿಯಲ್ಲಿ ಸೋರೆಕಾಯಿ ಇಲ್ಲದಿದ್ದರೆ ಕುಂಬಳಕಾಯಿ ಕೊಡಿ ಎನ್ನುವ ಹಾಗೆ.

ಅಂಡಮಾನ್ ಎಂದರೆ ವಿಮಾನ, ಲಕ್ಷದ್ವೀಪ ಎಂದರೆ ಪರ್ಮಿಟ್ಟು. ಎರಡೂ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆಗ ಹುಣಸೂರಿನ ಬೇಕರಿಯ ಮಲಯಾಳಿ ಯಜಮಾನರು ದಾರಿ ತೋರಿಸಿದರು. ಕಣ್ಣೂರು, ಪಯ್ಯನ್ನೂರು ದಾಟಿದರೆ ಹಿನ್ನೀರಿನಲ್ಲಿ ಬೇಕಾದಷ್ಟು ದ್ವೀಪಗಳಿವೆ, ಮನೆಗಳಲ್ಲೇ ಉಳಿಯಲು ರೂಮು ಕೊಡುತ್ತಾರೆ ಎಂದು ಹೇಳಿ, ಬನ್ನಿನ ಕಾಗದದ ಮೇಲೆ ಐದಾರು ನಂಬರು ಬರೆದುಕೊಟ್ಟರು.

ಒಂದು ವಾರ ದಿನಾ ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ಜಗಲಿಯಲ್ಲಿ ಫೋನು. ನನ್ನ ಮೊಬೈಲನ್ನು ಸ್ಪೀಕರಿಗೆ ಹಾಕಿ ಇಬ್ಬರ ನಡುವೆ ಇಡುತ್ತಿದ್ದೆವು. ಆಚೆಯವರಿಗೆ ಕನ್ನಡ ಅರ್ಥವಾಗದಿದ್ದರೆ ಅಕ್ಕ ಅದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದರು. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಸೇತುವೆ ಐತಾ?"

ನಾನು ಅದನ್ನು ಅರೆಬರೆ ಇಂಗ್ಲಿಷಿಗೆ ತಿರುಗಿಸಬೇಕು. ಮೊದಲನೆಯವನು ಹೆಮ್ಮೆಯಿಂದ, "ಯೆಸ್ ಸಾರ್! ನ್ಯೂ ಬ್ರಿಡ್ಜ್! ಕಾರ್ ಡೈರೆಕ್ಟ್ ರೂಮ್ ಫ್ರಂಟ್!" ಎಂದ. ಅಕ್ಕ ಬೆರಳು ಚಾಚಿ ತಾವೇ ಫೋನು ಕಟ್ ಮಾಡಿದರು. "ಬ್ಯಾಡ." ಎರಡನೆಯವನು ಈಗ ಇಲ್ಲ, ಕಟ್ಟುತ್ತಿದ್ದಾರೆ, ನೀವು ಬರುವ ಹೊತ್ತಿಗೆ ಮುಗಿಯುತ್ತದೆ ಎಂದು ಸಮಾಧಾನ ಹೇಳಿದ. ಅವನೂ ಕಟ್. ಮೂರನೆಯವನ ಹತ್ತಿರ ಸೇತುವೆ ಇರಲಿಲ್ಲ, ಆದರೆ ಅರ್ಧ ಗಂಟೆಗೊಂದು ಸರ್ಕಾರಿ ಬೋಟು ಇತ್ತು. "ಅದು ನೀರ ಮೇಲಿನ ಬಸ್ಸು ಕಣ್ರೀ" ಎಂದರು ಅಕ್ಕ.

ನಾಲ್ಕನೆಯವನು ಸಂಕೋಚದಿಂದ ಒಪ್ಪಿಕೊಂಡ. ಸೇತುವೆ ಇಲ್ಲ, ಬೋಟು ಇಲ್ಲ, ದ್ವೀಪದಲ್ಲಿ ಇರುವುದೇ ಐದು ಮನೆ, ತನ್ನದೊಂದು ಸಣ್ಣ ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ, ಅದಕ್ಕೇ ಯಾರೂ ಬರುತ್ತಿಲ್ಲ. ಅದೂ ಕನ್ನಡದಲ್ಲೇ ಹೇಳಿದ. ಅವನು ಹನ್ನೊಂದು ವರ್ಷ ಪಿರಿಯಾಪಟ್ಟಣದ ಕಡೆ ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದಿದ್ದವನು. ಅಕ್ಕನ ಮುಖ ಅರಳಿತು, ಮಲಯಾಳಿಗಳು ಅಣ್ಣನನ್ನು ಕರೆಯುವ ಹಾಗೆ ಅವನನ್ನು ಚೇಟ ಎಂದೇ ಕರೆದರು.

"ಎಸಿ ಬ್ಯಾಡ, ಟಿವಿ ಬ್ಯಾಡ, ಸೇತುವೆ ಬ್ಯಾಡ. ಇಷ್ಟೆಲ್ಲ ಬ್ಯಾಡ ಅಂದ ಮೇಲೂ ನೀನು ದುಡ್ಡು ಕೇಳ್ತೀಯಾ ಚೇಟ?"

"ಊಟಕ್ಕೆ ಮಾತ್ರ ಕೊಡಿ ಅಮ್ಮ" ಎಂದ ಅವನು, ಸೋತವನಂತೆ. "ನೀವು ಬರುವುದೇ ಸಂತೋಷ."

"ಇನ್ನೊಂದು ಮಾತು. ನಾನು ಏಳೋವರ್ಗೂ ಯಾರನ್ನೂ ದೋಣಿ ಹತ್ತಿಸಬಾರ್ದು. ಕಾಲು ಹಿಡಿದ್ರೂ ಸರಿ."

ಆಚೆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ಪೊಲೀಸ್ ಕೇಸೇನಾದರೂ ಉಂಟಾ ಅಮ್ಮ?" ಎಂದು ಕೇಳಿದ.

ದಸರಾ ರಜೆಗೆ ದಿನ ಗೊತ್ತಾಯಿತು. ಅಕ್ಕ ಎರಡು ಕುರಿ ಮಾರಿದರು. ನಾನೂ ಬರಬೇಕೆಂದು ಹಟ ಹಿಡಿದರು. "ಹೊರಗಿನೋರು ಒಬ್ರಿದ್ರೆ ಬಾಯಿ ಹಿಡಿತದಲ್ಲಿರ್ತೈತೆ" ಎಂದರು. ಮಕ್ಕಳಿಬ್ಬರನ್ನೂ ಹೇಗೆ ಒಪ್ಪಿಸಿದಿರಿ ಎಂದರೆ ಮಾತ್ರ, "ಅದು ನಂಗೆ ಬುಡಿ" ಎಂದು ಸೌಟು ಆಡಿಸಿದರು.

ಹುಣಸೂರಿನಲ್ಲಿ ಕಣ್ಣೂರಿನ ಬಸ್ಸು ಹತ್ತಿದೆವು. ಅಕ್ಕ, ಅಕ್ಕನ ಯಜಮಾನರು, ದೊಡ್ಡವನು, ಅವನ ಹೆಂಡತಿ, ಮೂರನೇ ಕ್ಲಾಸು ಓದುವ ಅವನ ಮಗಳು ಮತ್ತು ನಾನು. ಯಜಮಾನರಿಗೆ ಕಿವಿ ಮಂದ. ಏನು ಹೇಳಿದರೂ "ಆಯ್ತು ಬುಡು" ಎನ್ನುವುದು ಅವರ ಪದ್ಧತಿ, ಸಂಸಾರ ಅದರಿಂದಲೇ ನಡೆದುಕೊಂಡು ಬಂದಿತ್ತು. ಗೋಣಿಕೊಪ್ಪ ದಾಟಿದ ಮೇಲೆ ದೊಡ್ಡವನು ಎದ್ದು ಬಂದು ನನ್ನ ಪಕ್ಕ ಕೂತ. ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ:

"ಬೇಜಾರು ಮಾಡ್ಕಬ್ಯಾಡಿ ಮೇಷ್ಟ್ರೇ. ನಮ್ ಕಡೆ ಎಷ್ಟೋ ಜನಕ್ಕೆ ನಲವತ್ತರ ಮೇಲೆ ಆಗೈತೆ."

"ಏನು?"

"ಮದ್ವೆ. ಅವ್ವ ಎಲ್ಲಾ ಏಳವ್ಳೆ. ಆ ದ್ವೀಪದ ದೇವರಿಗೆ ಹರಕೆ ಕಟ್ಟಿದ್ರೆ ವರ್ಷದೊಳಗೆ ಹೆಣ್ಣು ಸಿಕ್ತದಂತೆ. ಸಂಸಾರಸ್ಥರು ಜೊತೇಲಿ ಬಂದು ಕೈ ಮುಗಿಬೇಕಂತೆ. ನಿಮ್ಗೋಸ್ಕರ ಎಲ್ಡು ದಿವ್ಸ ಬಾಡಿಗೆ ಬುಟ್ಟು ಬಂದಿವ್ನಿ."

ಮುಂದಿನ ಸೀಟಿನಲ್ಲಿ ಅಕ್ಕನ ಮುಖ ಕಿಟಕಿಯ ಕಡೆ ತಿರುಗಿತು. ಮಾಕುಟ್ಟದ ಘಾಟಿಯುದ್ದಕ್ಕೂ ದೊಡ್ಡವನು ನನಗೆ ಧೈರ್ಯ ಹೇಳಿದ. ಇರಿಟ್ಟಿ ಬರುವಷ್ಟರಲ್ಲಿ ಅವನ ಹೆಂಡತಿಯ ಕಡೆಯ ಒಂದು ಹುಡುಗಿಯ ಜಾತಕದವರೆಗೂ ಮಾತು ಹೋಗಿತ್ತು.

ಚಿಕ್ಕವನಿಗೆ ಬೇರೆಯೇ ಕಥೆ. ಅಪ್ಪನ ಎದೆಗೆ ಸಮುದ್ರದ ಗಾಳಿ ಬೇಕೆಂದು ಡಾಕ್ಟರು ಹೇಳಿದ್ದಾರೆ, ನೀನು ಹೆಂಡತಿ ಮಗುವನ್ನು ಕರೆದುಕೊಂಡು ಮುಂದೆ ಹೋಗಿ ಜಾಗ ನೋಡಿರು ಎಂದಿದ್ದರು. ಅವನು ಬಾವಲಿ, ಮಾನಂದವಾಡಿಯ ದಾರಿಯಲ್ಲಿ ಒಂದು ದಿನ ಮೊದಲೇ ಬಂದು ಸೇರಿದ್ದ.

ಮಧ್ಯಾಹ್ನ ಮೂರರ ಹೊತ್ತಿಗೆ ಚೇಟ ತನ್ನ ದೋಣಿಯಲ್ಲಿ ನಮ್ಮನ್ನು ದ್ವೀಪದ ಮೆಟ್ಟಿಲಿಗೆ ತಂದು ಬಿಟ್ಟ. ಎಲ್ಲಿ ನೋಡಿದರೂ ತೆಂಗು. ಅದರಾಚೆ ಒಂದು ಪಟ್ಟಿಯ ಹಾಗೆ ಸಮುದ್ರ, ಅದರ ಸದ್ದು ಮಾತ್ರ ಕೇಳುತ್ತಿತ್ತು. ಅಷ್ಟೊಂದು ನಿಶ್ಶಬ್ದವಾದ ಜಾಗವನ್ನು ನಾನು ಕಂಡಿರಲಿಲ್ಲ. ದೊಡ್ಡವನು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ದೇವಸ್ಥಾನ ಎಲ್ಲೈತೆ?" ಎಂದು ಕೇಳುತ್ತಾ ಅಂಗಳಕ್ಕೆ ಕಾಲಿಟ್ಟ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಪಂಚೆ ಎತ್ತಿ ಕಟ್ಟಿ, ಅವನ ತಮ್ಮ ಟೀ ಕುಡಿಯುತ್ತಾ ಕೂತಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಅವ್ವನನ್ನು ನೋಡಿದರು. ಅಕ್ಕ ತೆಂಗಿನ ಮರದ ತುದಿ ನೋಡುತ್ತಿದ್ದರು. ದೊಡ್ಡವನು ಮಗಳನ್ನು ಇಳಿಸಿ, ತಿರುಗಿ ಮೆಟ್ಟಿಲ ಕಡೆ ಓಡಿದ. ಚೇಟನ ಮಡದಿ ಪೇಟೆಯಿಂದ ಮೀನು ತರಲು ಅದೇ ದೋಣಿ ಹತ್ತಿ ಆಗಲೇ ಹಿನ್ನೀರಿನ ನಡುವೆ ಸೇರಿದ್ದಳು.

"ದೋಣೀ!" ಎಂದು ಕೂಗಿದ.

"ನಾಳಿದ್ದು ಉಂಟು" ಎಂದ ಚೇಟ, ಅಕ್ಕನ ಮುಖ ನೋಡಿಕೊಂಡು.

"ಮತ್ತೆ ನಿಮ್ ಹೆಂಗುಸ್ರು ಬರೋದು?"

"ಅವಳು ಬರುತ್ತಾಳೆ. ಹೋಗುವುದು ಮಾತ್ರ ನಾಳಿದ್ದು."

ಅಂದು ಸಂಜೆಯಿಂದ ದೊಡ್ಡವನು ನಡೆಯಲು ಶುರು ಮಾಡಿದ. ತಮ್ಮನ ಮುಖ ನೋಡಬಾರದೆಂದು ದ್ವೀಪದ ಅಂಚಿನಲ್ಲಿ ಎಡಕ್ಕೆ ಹೊರಟ. ಅಣ್ಣನ ಮುಖ ನೋಡಬಾರದೆಂದು ತಮ್ಮ ಬಲಕ್ಕೆ ಹೊರಟ. ಇಡೀ ದ್ವೀಪ ಸುತ್ತಲು ಇಪ್ಪತ್ತು ನಿಮಿಷ ಸಾಕು. ಎದುರುಬದುರು ಹೊರಟವರು ಒಂದು ಸುತ್ತಿಗೆ ಎರಡು ಸಲ ಮುಖಾಮುಖಿಯಾಗಲೇಬೇಕು, ಇದು ಏಳನೇ ಕ್ಲಾಸಿನ ಲೆಕ್ಕ. ದ್ವೀಪದ ಆ ತುದಿಯಲ್ಲಿ ಒಮ್ಮೆ, ಮನೆಯ ಮುಂದೆ ಒಮ್ಮೆ. ಪ್ರತಿ ಸಲವೂ ಇಬ್ಬರೂ ಸಮುದ್ರದ ಕಡೆ ಮುಖ ತಿರುಗಿಸಿ ದಾಟುತ್ತಿದ್ದರು. ದೊಡ್ಡವನ ಮಗಳು ಜಗಲಿಯಲ್ಲಿ ಕೂತು ಎಣಿಸುತ್ತಿದ್ದಳು. "ಅಜ್ಜಿ, ಚಿಕ್ಕಪ್ಪ ಮುಂದಿದ್ದಾನೆ!" ಎಂದು ಕೂಗಿದಳು. ಅವಳು ಅದನ್ನು ಓಟದ ಪಂದ್ಯವೆಂದೇ ತಿಳಿದಿದ್ದಳು. ಇತ್ತ ವಾರಗಿತ್ತಿಯರಿಬ್ಬರೂ ಗಂಡಂದಿರು ಮರೆಯಾದಾಗಲೆಲ್ಲ ಪಕ್ಕ ಪಕ್ಕ ಕೂತು ಮಾತಾಡುವುದು, ಅವರು ಕಾಣಿಸಿದ ಕೂಡಲೇ ದೂರ ಸರಿಯುವುದು.

ಮರುದಿನ ಮಧ್ಯಾಹ್ನ ಚೇಟನ ಮಡದಿ ಅಂಗಳದಲ್ಲಿ ಸಾಲಾಗಿ ಬಾಳೆಲೆ ಹಾಕಿದಳು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಮರಗೆಣಸಿನ ಪಲ್ಯ. ಅಕ್ಕ ಬೆಳಿಗ್ಗೆಯಿಂದ ಆ ಅಡುಗೆಮನೆಯ ಬಾಗಿಲಲ್ಲೇ ನಿಂತು, ಭಾಷೆ ಬಾರದೆಯೂ ಎಲ್ಲದಕ್ಕೂ ಸಲಹೆ ಕೊಟ್ಟಿದ್ದರು. ನಡುವಿನ ಎರಡು ಎಲೆ ತಮ್ಮ ಗಂಡುಮಕ್ಕಳಿಬ್ಬರಿಗೆಂದು ತಾವೇ ಒರೆಸಿದರು. ಚಿಕ್ಕವನು ಬಂದು ಕೂತ. ದೊಡ್ಡವನು ಬಂದ. ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ, ಎಲೆಯನ್ನು ಅನ್ನದ ಸಮೇತ ಎರಡು ಕೈಯಲ್ಲಿ ಎತ್ತಿಕೊಂಡು ಮನೆಯ ಹಿಂದಕ್ಕೆ ನಡೆದ. "ನಂಗೂ ಬ್ಯಾಡ" ಎಂದು ಚಿಕ್ಕವನು ಎದ್ದ.

ನಾನು ಅಕ್ಕನ ಮುಖ ನೋಡಿದೆ. ಅಲ್ಲಿಯವರೆಗೆ ಆ ಮುಖದಲ್ಲಿ ಸಿಟ್ಟು ಕಂಡಿದ್ದೆ, ಸೋಲು ಕಂಡಿರಲಿಲ್ಲ. ಅವರು ಸೆರಗು ಸಿಕ್ಕಿಸಿದರು.

"ಇರ್ರಲಾ ಇಬ್ರೂ ಇಲ್ಲೇ. ನಾನು ಓಯ್ತೀನಿ."

ನಾವೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದಂತೆ ಮೆಟ್ಟಿಲಿಳಿದು ಹೋಗಿ, ಕಟ್ಟಿದ್ದ ದೋಣಿಯ ಹಗ್ಗ ಬಿಚ್ಚಿ, ಹತ್ತಿ ನಿಂತು, ಬಿದಿರ ಗಳು ಎತ್ತಿಕೊಂಡು ನೀರಿಗೆ ಊರಿದರು. ಹಂಡೆಯಲ್ಲಿ ಅನ್ನ ತಿರುವುವ ಹಾಗೆ ಎರಡು ಸಲ ತಿರುವಿದರು. ದೋಣಿ ಹೊರಟೇಬಿಟ್ಟಿತು. ತೊಂದರೆಯೆಂದರೆ, ಅದರೊಳಗೆ ಆಗಲೇ ಯಜಮಾನರು ಮಲಗಿದ್ದರು. ತಂಪಾಗಿದೆ ಎಂದು ಬೆಳಿಗ್ಗೆಯಿಂದ ಅದೇ ಅವರ ಜಾಗವಾಗಿತ್ತು. ಅವರು ತಲೆಯೆತ್ತಿ, "ಎಲ್ಲಿಗೆ?" ಎಂದರು.

"ಊರಿಗೆ!"

"ಆಯ್ತು ಬುಡು" ಎಂದು ಮತ್ತೆ ಮಲಗಿದರು.

"ಅವ್ವಾ!" ಎಂದು ಮನೆಯ ಹಿಂದಿನಿಂದ ದೊಡ್ಡವನು, ಅಂಗಳದಿಂದ ಚಿಕ್ಕವನು ಒಟ್ಟಿಗೆ ಓಡಿಬಂದರು. ಇಬ್ಬರಿಗೂ ಈಜು ಬಾರದು. ಇಬ್ಬರೂ ಅದನ್ನು ಮರೆತು ಮೆಟ್ಟಿಲಿನಿಂದ ಧುಮುಕಿದರು. ದೊಡ್ಡವನು ಕಣ್ಣು ಮುಚ್ಚಿ, ಮೂಗು ಹಿಡಿದು ಹಾರಿದ್ದನ್ನು ನಾನೇ ನೋಡಿದೆ. ಬಿದ್ದವನು ಎದ್ದು ನಿಂತರೆ ನೀರು ಮೊಣಕಾಲಿಗಿತ್ತು.

"ನೀರು ಇಳಿದಿದೆ ಸಾರ್. ಈಗ ಆಳವಿಲ್ಲ" ಎಂದ ಚೇಟ, ಪಲ್ಯ ತಿನ್ನುತ್ತಾ.

ದೋಣಿ ಮೂವತ್ತು ಅಡಿ ಹೋಗಿ ಕೆಸರಿಗೆ ಸಿಕ್ಕಿ ನಿಂತಿತು. ಅಕ್ಕ ಗಳು ಊರಿ ತಳ್ಳಿದಷ್ಟೂ ಗಳುವೇ ಕೆಸರಿಗಿಳಿಯಿತು. ಮಕ್ಕಳಿಬ್ಬರೂ ಹೂತ ಕಾಲು ಕಿತ್ತು ಕಿತ್ತು ಇಡುತ್ತಾ ಅಲ್ಲಿಗೆ ಸೇರಿದರು. ಒಬ್ಬ ಎಡಕ್ಕೆ ತಳ್ಳಿದ, ಒಬ್ಬ ಬಲಕ್ಕೆ ತಳ್ಳಿದ. ದೋಣಿ ಇದ್ದಲ್ಲೇ ಅತ್ತಿತ್ತ ಅಲ್ಲಾಡಿತು.

"ನನ್ ಕಡೆ ತಳ್ಳೋ!" ಎಂದ ದೊಡ್ಡವನು.

"ನೀನ್ ಬುಡು, ನಾನ್ ಎಳೀತೀನಿ" ಎಂದ ಚಿಕ್ಕವನು.

ಆರು ವರ್ಷದ ಮೇಲೆ ಆ ಹಳೇ ಜಗಳಕ್ಕಲ್ಲದೆ ಆಡಿದ ಮೊದಲ ಮಾತು ಇದು. ಅದು ಅವರಿಗೆ ತಿಳಿಯಲಿಲ್ಲ, ದಡದಲ್ಲಿದ್ದ ನಮಗೆ ತಿಳಿಯಿತು. ಅಕ್ಕನಿಗೂ ತಿಳಿದಿರಬೇಕು. ಅವರು ಗಳು ಬಿಟ್ಟು, ಗಂಡನ ಕಾಲ ಬಳಿ ಕುಸಿದು ಕೂತರು.

"ಆ ಹೆಸರು ಬುಟ್ಟೋಳು ನಾನು ಕಣ್ರಲಾ" ಎಂದರು.

ದೋಣಿ ತಳ್ಳುತ್ತಿದ್ದ ನಾಲ್ಕು ಕೈಗಳೂ ನಿಂತವು.

"ಪ್ರೆಸ್ಸಿನೋನು ಒಂದು ಹೆಸರು ಜಾಸ್ತಿ ಆಯ್ತು, ಜಾಗ ಇಲ್ಲ ತೆಗೀರಿ ಅಂದ. ಮಾವನ್ನ ತೆಗುದ್ರೆ ಮುನಿಸ್ಕತಾನೆ, ದಾಯಾದಿ ತೆಗುದ್ರೆ ಊರೆಲ್ಲ ಆಡ್ಕತಾರೆ. ನನ್ ದೊಡ್ಡ ಮಗ, ಅವ್ನು ಮುನಿಸ್ಕಳಾಕಿಲ್ಲ ಅಂದ್ಕಂಡೆ. ಅವ್ನುದು ತೆಗಿ ಅಂದೆ. ಆಮೇಲೆ ನೀನು ಅಂಗೆ ಕೂಗಾಡ್ದಾಗ ಏಳಾಕೆ ಭಯ ಆಯ್ತು. ಇವತ್ತು ಏಳಾನ, ನಾಳೆ ಏಳಾನ ಅಂತ ಆರು ವರ್ಷ ಆಗೋಯ್ತು."

ದೊಡ್ಡವನು ದೋಣಿಯ ಅಂಚು ಹಿಡಿದು ನಿಂತೇ ಇದ್ದ. ಆಮೇಲೆ ತಮ್ಮನ ಕಡೆ ತಿರುಗಿ, "ಕೇಳುಸ್ಕಂಡ್ಯಾ?" ಎಂದ. ತಮ್ಮ ನೀರು ನೋಡುತ್ತಿದ್ದ.

"ನಂಗೆ ಗೊತ್ತಿತ್ತು. ನಾನೂ ಪ್ರೆಸ್ಸಲ್ಲೇ ಇದ್ನಲ್ಲ."

"ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ವರ್ಷ ನನ್ ಕೈಲಿ ಬೈಸ್ಕಂಡ್ಯೇನ್ಲಾ?"

"ನನ್ನ ಬೈದ್ರೆ ನೀನು ಆಟೋ ಹತ್ತಿ ಓಯ್ತಿದ್ದೆ. ನಾನು ಕ್ವಾಟ್ರಸ್ಸಿಗೆ ಓಯ್ತಿದ್ದೆ. ಅವ್ವನ್ನ ಬೈದಿದ್ರೆ, ಅವ್ಳು ಎಲ್ಲಿಗೆ ಓಗೋಳು?"

ದೊಡ್ಡವನು ಅವನ ಬೆನ್ನಿಗೆ ಒಂದು ಗುದ್ದಿದ. ಸಿಟ್ಟಿನದ್ದೇ ಗುದ್ದು. ಚಿಕ್ಕವನು ಮುಗ್ಗರಿಸಿ ಕೆಸರಿಗೆ ಬಿದ್ದ, ಬೀಳುವಾಗ ಅಣ್ಣನ ಅಂಗಿ ಹಿಡಿದ, ಇಬ್ಬರೂ ಬಿದ್ದರು. ಅಕ್ಕ ದೋಣಿಯಿಂದ ಬಗ್ಗಿ ಇಬ್ಬರ ತಲೆಗೂ ಮೊಟಕಿದರು, ಆಮೇಲೆ ಬಾಯಿಗೆ ಸೆರಗು ಹಿಡಿದುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ದಡದಿಂದ ಗೊತ್ತಾಗಲಿಲ್ಲ. ಈ ಗದ್ದಲಕ್ಕೆ ಯಜಮಾನರು ಎದ್ದು ಕೂತು, "ಊರು ಬಂತಾ?" ಎಂದರು.

ಸೊಂಟದವರೆಗೆ ಕೆಸರಾದವರನ್ನು ಚೇಟನ ಮಡದಿ ಅಂಗಳಕ್ಕೂ ಸೇರಿಸಲಿಲ್ಲ. ಬಾವಿಯ ಹತ್ತಿರ ಅಣ್ಣ ನೀರು ಸೇದಿದ, ತಮ್ಮ ಸುರಿದುಕೊಂಡ. ಆಮೇಲೆ ತಮ್ಮ ಸೇದಿದ. ಅಲ್ಲೇ ತೆಂಗಿನ ಬುಡದಲ್ಲಿ ಬೇರೆ ಎಲೆ ಹಾಕಿದರು. ಅಕ್ಕ ಬಡಿಸಲು ಎದ್ದಾಗ ಚೇಟನ ಮಡದಿ ಸೌಟು ಕಿತ್ತುಕೊಂಡು, ಅವರನ್ನೂ ಮಕ್ಕಳ ನಡುವೆ ಒತ್ತಿ ಕೂರಿಸಿದಳು. ಮೀನಿಗೆ ಖಾರ ಸಾಲದು ಎಂದು ಮೂವರೂ ಒಟ್ಟಿಗೆ ಒಪ್ಪಿದರು.

ಆಮೇಲೆ ಅಣ್ಣತಮ್ಮಂದಿರು ಜಗಳವಾಡಲೇ ಇಲ್ಲ ಎಂದು ಬರೆದರೆ ಅದು ಸುಳ್ಳು. ಅವತ್ತು ಸಂಜೆಯೇ ಅಣ್ಣನ ಆಟೋದ ಮೈಲೇಜು ಹೆಚ್ಚೋ, ತಮ್ಮನ ಬೈಕಿನ ಮೈಲೇಜು ಹೆಚ್ಚೋ ಎಂದು ಗಂಟೆಗಟ್ಟಲೆ ಕೂಗಾಡಿದರು. ಆದರೆ ಎದುರುಬದುರು ಕೂತು ಕೂಗಾಡಿದರು. ಅಕ್ಕ ಅರವತ್ತು ತುಂಬಿ ಅಡುಗೆ ಕೆಲಸ ಬಿಟ್ಟ ಮೇಲೆ ಆರು ತಿಂಗಳು ಹುಣಸೂರು, ಆರು ತಿಂಗಳು ಬೀಚನಹಳ್ಳಿ ಎಂದು ಇದ್ದರು. ನನಗೂ ಮದುವೆಯಾಯಿತು, ದೊಡ್ಡವನು ಬಸ್ಸಿನಲ್ಲಿ ಹೇಳಿದ ಆ ಜಾತಕದ ಜೊತೆಗಂತೂ ಅಲ್ಲ.

ದ್ವೀಪದಿಂದ ಹೊರಡುವ ದಿನದ ಸಂಗತಿಯೊಂದು ಉಳಿದಿದೆ. ಅದು ಭಾನುವಾರ, ಮರುದಿನ ಶಾಲೆ ಶುರು. ಎಲ್ಲರೂ ದೋಣಿ ಹತ್ತಿದೆವು. ಅಕ್ಕ ಮಾತ್ರ ಮೆಟ್ಟಿಲ ಮೇಲೆ ನಿಂತೇ ಇದ್ದರು.

"ನೀವು ಓಗಿ. ನಾನು, ಅವ್ರು ಎಲ್ಡು ದಿವ್ಸ ಇದ್ದು ಬತ್ತೀವಿ."

"ಅಕ್ಕ, ನಾಳೆ ಮಕ್ಕಳಿಗೆ ಅಡುಗೆ?" ಎಂದೆ. ಸಹಾಯಕ್ಕಿದ್ದ ಇನ್ನೊಬ್ಬಾಕೆ ಮಗಳ ಬಾಣಂತನಕ್ಕೆಂದು ರಜೆಯ ಮೇಲಿದ್ದಳು.

"ಉಸ್ತುವಾರಿ ನಿಮ್ದೇ ಅಲ್ವಾ ಮೇಷ್ಟ್ರೇ?"

ದೋಣಿ ಹೊರಟಿತು. ಚೇಟ ಈ ಸಲ ಯಾರನ್ನೂ ಕೇಳದೆ ಹುಟ್ಟು ಹಾಕಿದ.

ಸೋಮವಾರ ನಾನೂ ಹೆಡ್‌ಮಾಸ್ಟರೂ ಒಲೆ ಹಚ್ಚಿದೆವು. ಅನ್ನ ಇಟ್ಟಿಗೆಯಾಯಿತು, ಸಾರು ನೀರಾಯಿತು. ಮಕ್ಕಳಿಗಿಂತ ಮೊದಲು ಮೇಷ್ಟ್ರು ರುಚಿ ನೋಡಿ ಸಹಿ ಹಾಕಬೇಕೆಂಬ ನಿಯಮದ ಕಷ್ಟ ನನಗೆ ಅಂದೇ ಪೂರ್ತಿ ಅರ್ಥವಾಗಿದ್ದು. ಮಂಗಳವಾರ ಚಿತ್ರಾನ್ನ ಮಾಡಿದೆವು, ಅದನ್ನು ಇಲ್ಲಿ ವಿವರಿಸುವುದಿಲ್ಲ. ಬುಧವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತಿದ್ದಾಗ ಅಕ್ಕ ಗೇಟಿನಲ್ಲಿ ಕಾಣಿಸಿಕೊಂಡರು. ಮಕ್ಕಳು ಸಾಲು ಮುರಿದು ಓಡಿ ಹೋಗಿ ಅವರ ಸೊಂಟಕ್ಕೆ ಜೋತುಬಿದ್ದರು. ಹೆಡ್‌ಮಾಸ್ಟರು ಗದರಲಿಲ್ಲ, ಅವರೂ ಎರಡು ಹೆಜ್ಜೆ ಮುಂದೆ ಹೋಗಿದ್ದರು.

ಅಕ್ಕನ ಮುಖ ಬಿಸಿಲಿಗೆ ಕಪ್ಪಾಗಿತ್ತು. ಅಡುಗೆಮನೆಗೆ ಹೋಗಿ ತಳ ಸೀದ ಪಾತ್ರೆ ನೋಡಿದರು, ನನ್ನನ್ನು ನೋಡಿದರು, ಸೌಟು ಕೈಗೆತ್ತಿಕೊಂಡರು. ನಾನೇ ಕೇಳಿದೆ:

"ಎರಡು ದಿನ ಅಲ್ಲಿ ಏನು ಮಾಡಿದ್ರಿ ಅಕ್ಕ?"

ಅವರು ಸೌಟು ಕೆಳಗಿಟ್ಟು ಜಗಲಿಯ ಮೇಲೆ ಕೂತರು. ಸ್ವಲ್ಪ ಹೊತ್ತು ನೆನಪು ಮಾಡಿಕೊಳ್ಳುವವರಂತೆ ಕಣ್ಣು ಕಿರಿದು ಮಾಡಿದರು.

"ಏನೂ ಮಾಡ್ನಿಲ್ಲ ಮೇಷ್ಟ್ರೇ" ಎಂದರು. ಆಮೇಲೆ ಒಂದೊಂದೇ ಮಾತನ್ನು ತೂಗಿ ಇಡುವಂತೆ ಮತ್ತೊಮ್ಮೆ ಹೇಳಿದರು: "ಎಲ್ಡು ದಿವ್ಸ. ನಾನು. ಏನೂ ಮಾಡ್ನಿಲ್ಲ."